ಸೌರಹೆಂಚು ಹೊದಿಸುವ ಮುಂಚೆ

(ಗ್ರಾಮಸೇವಕರೊಬ್ಬರು ಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)



ಮನೆ ಕಟ್ಟಿಸುವವರು ಈಚೆಗೆ ನನ್ನನ್ನು ಕೇಳುವುದುಂಟು: “ಹೆಂಚೇ ಕರೆಂಟು ಕೊಡುತ್ತದಂತಲ್ಲ ಸ್ವಾಮಿ, ಹಾಕಿಸಬಹುದೇ?” ಹಾಕಿಸಬಹುದು. ಆದರೆ ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ನೀವು ಹೆಂಚು ಕೊಳ್ಳುವಾಗಲೂ ಅದರ ಬಾಳಿಕೆ ನೋಡಬೇಕು.

ಸೌರಹೆಂಚು ಮಳೆಯನ್ನೂ ತಡೆಯಬೇಕು, ಬಿಸಿಲಿನಿಂದ ವಿದ್ಯುತ್ತನ್ನೂ ಕೊಡಬೇಕು. ಆದುದರಿಂದ ಅದಕ್ಕೆ ಎರಡು ಆಯುಷ್ಯ. ಕಾಗದದಲ್ಲಿ 25 ವರ್ಷದ ಭರವಸೆ ಎಂದಿದ್ದರೆ ಅದು ಯಾವುದಕ್ಕೆಂದು ಕೇಳಿರಿ. ವಿದ್ಯುತ್ತಿಗೆ ಮಾತ್ರ ಆಗಿದ್ದರೆ, ಮಾಡು ಸೋರಿದಾಗ ಯಾರೂ ಬರಲಾರರು. ಎರಡನ್ನೂ ಬೇರೆಬೇರೆಯಾಗಿ ಬರೆಯಿಸಿಕೊಳ್ಳಿರಿ. ಇನ್ವರ್ಟರ್ ಅಷ್ಟು ವರ್ಷ ಬಾಳುವುದಿಲ್ಲ. ನಡುವೆ ಒಮ್ಮೆಯಾದರೂ ಬದಲಿಸುವ ಹಣ ಲೆಕ್ಕದಲ್ಲಿರಲಿ.

ಬೆಲೆಯನ್ನು ವರ್ಷಕ್ಕೆ ಹಂಚಿ ನೋಡಿರಿ. ಲೆಕ್ಕ ತಿಳಿಯಲೆಂದು ಒಂದು ಅಂಕಿ ಇಟ್ಟುಕೊಳ್ಳೋಣ. 5 ಲಕ್ಷದ ಮಾಡು 25 ವರ್ಷ ಬಾಳಿದರೆ ವರ್ಷಕ್ಕೆ 20,000 ರೂಪಾಯಿ. 3 ಲಕ್ಷದ್ದು 10 ವರ್ಷಕ್ಕೇ ಕೆಟ್ಟರೆ ವರ್ಷಕ್ಕೆ 30,000. ಹೊಸ ಮನೆಯಾದರೆ ಹೇಗೂ ಕೊಳ್ಳಬೇಕಾಗಿದ್ದ ಹೆಂಚಿನ ಬೆಲೆಯನ್ನು ಇದರಲ್ಲಿ ಕಳೆಯಬಹುದು. ತಲೆಯ ಮೇಲೆ ಒಳ್ಳೆಯ ಮಂಗಳೂರು ಹೆಂಚು ಇದ್ದವರಿಗೆ ಕಳೆಯಲು ಏನೂ ಇಲ್ಲ. ಅಂಥವರು ಅದನ್ನು ಬಿಚ್ಚಿಸುವುದು ನನಗೆ ಸರಿಕಾಣದು.

ಬರುವ ಲಾಭವೆಷ್ಟು? 1 ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ಟು, ಮಳೆಗಾಲದಲ್ಲಿ ಕಡಮೆ. ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆ ಬರುವ ಮನೆಯವರಿಗೆ ಉಳಿಯುವ ಬಿಲ್ಲಿನ ಹಣವೂ ಇಲ್ಲ. ಇದನ್ನು ಮಾರಾಟಗಾರರು ಹೇಳುವುದಿಲ್ಲ.

ಇನ್ನು ರಿಪೇರಿಯ ಮಾತು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಮಾದರಿಯನ್ನು ಆಮೇಲೆ ಅನೇಕ ಕಾರ್ಖಾನೆಗಳು ಮಾಡಿದವು. ಆದ್ದರಿಂದ ಮಂಗ ಹಾರಿಯೋ ತೆಂಗಿನಕಾಯಿ ಬಿದ್ದೋ ಒಂದು ಹೆಂಚು ಒಡೆದರೆ ಬೇರೊಂದು ತಂದು ಸಿಕ್ಕಿಸುತ್ತೇವೆ. ಸೌರಹೆಂಚು ಹಾಗಲ್ಲ. ಒಬ್ಬರ ಹೆಂಚಿನ ಅಳತೆಯೂ ತಂತಿಯ ಕೊಂಡಿಯೂ ಇನ್ನೊಬ್ಬರದಕ್ಕೆ ಹೊಂದುವುದು ಅಪರೂಪ. ಮಾಡಿದವರು ಅಂಗಡಿ ಮುಚ್ಚಿದರೆ ಆ ಅಳತೆಯ ಹೆಂಚು ಎಲ್ಲಿ ಸಿಕ್ಕೀತು? ಕೊಳ್ಳುವಾಗಲೇ ಹತ್ತಿಪ್ಪತ್ತು ಹೆಚ್ಚಿಗೆ ತೆಗೆದಿಡಿರಿ. ಹೆಂಚಿನ ಕೆಳಗೆ ಗಾಳಿ ಆಡದಿದ್ದರೆ ಅದು ಕಾದು, ವಿದ್ಯುತ್ತೂ ಇಳಿಯುತ್ತದೆ. ರೀಪು, ಪಕಾಸುಗಳಿಗೆ ಗೆದ್ದಲು ಹಿಡಿದಿದ್ದರಂತೂ ಮೇಲಿನ ಹೆಂಚಿಗೆ ಎಷ್ಟು ಆಯುಷ್ಯವಿದ್ದರೇನು!

ಚಟ್ಟಣಿಗೆಯ ಮೇಲೆ ಕೂರಿಸುವ ಸಾಧಾರಣ ಸೌರಫಲಕವನ್ನು ಮಾಡು ಕೆಡಿಸದೆ ಬಿಚ್ಚಬಹುದು, ಕೆಟ್ಟರೆ ಬೇರೆಯವರದನ್ನೂ ಹಾಕಬಹುದು. ಅಂಗಳದ ಕೊಟ್ಟಿಗೆಯ ಮೇಲೂ ಆದೀತು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ಮನೆಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದರು. ಫಲಕ ನಮ್ಮ ದೇಶದಲ್ಲೇ ತಯಾರಾದುದಾಗಿರಬೇಕು. ಮುಂಗಡ ಕೊಡುವ ಮೊದಲು ಇದನ್ನೂ ವಿಚಾರಿಸಿರಿ.

ದರಪಟ್ಟಿ ತಂದವರು ಸಹಿ ಹಾಕುವ ಮುನ್ನ, ಕಳೆದ 12 ತಿಂಗಳ ಕರೆಂಟು ಬಿಲ್ಲುಗಳೊಡನೆ ನನ್ನನ್ನು ಕಾಣಬಹುದು. ಕುಳಿತು ಲೆಕ್ಕ ಹಾಕೋಣ.