ಕುಬಸದ ಕಟಿಂಗ್‌ಗೆ ಪ್ರೊಜೆಕ್ಟರ್ ಬೇಕೇ?

ಹೊಲಿಗೆಗೆಂದೇ ಬೇರೆ ಪ್ರೊಜೆಕ್ಟರ್ ಬೇಕಾಗಿಲ್ಲ. ಶಾಲೆಯಲ್ಲಿ ಪಾಠ, ಮನೆಯಲ್ಲಿ ಸಿನಿಮಾ ತೋರಿಸುವ ಯಂತ್ರವನ್ನೇ ಗೋಡೆಯತ್ತ ತಿರುಗಿಸುವ ಬದಲು ಮೇಲಿಂದ ಕೆಳಮುಖವಾಗಿ ತೂಗುಹಾಕಿದರೆ ಅದು ಹೊಲಿಗೆಯ ಪ್ರೊಜೆಕ್ಟರ್ ಆಗುತ್ತದೆ. ಉಡುಪಿನ ಪ್ಯಾಟರ್ನ್ ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಪಿಡಿಎಫ್ ಕಡತವಾಗಿರುತ್ತದೆ. ಪ್ರೊಜೆಕ್ಟರ್ ಅದನ್ನು ನಿಜ ಅಳತೆಗೆ ಹಿಗ್ಗಿಸಿ, ಹಾಸಿದ ಬಟ್ಟೆಯ ಮೇಲೆ ಬೆಳಕಿನ ಗೆರೆಯಾಗಿ ಬೀಳಿಸುತ್ತದೆ. ಆ ಗೆರೆ ಹಿಡಿದು ಕತ್ತರಿ ಆಡಿಸಿದರೆ ಕಟಿಂಗ್ ಮುಗಿಯಿತು. ಕಾಗದ, ಗುಂಡುಸೂಜಿ, ಸೀಮೆಸುಣ್ಣ ಮೂರರ ಖರ್ಚೂ ಉಳಿಯುತ್ತದೆ. ಬನಶಂಕರಿ ಜಾತ್ರೆಯ ಹೊತ್ತಿಗೆ ಬಾದಾಮಿ ಬಳಿಯ ಚೊಳಚಗುಡ್ಡದಲ್ಲಿ ತೆರೆಯುತ್ತಿರುವ ಹೊಲಿಗೆ ಪ್ರದರ್ಶನದಲ್ಲಿ ಸೂಜಿ, ದಾರ, ಮೋಟಾರು, ಓವರ್‌ಲಾಕ್ ಯಂತ್ರಗಳ ಸಾಲಿಗೆ ಇದೂ ಬಂದು ನಿಂತಿರುವುದರಿಂದ, ಮನೆಯಲ್ಲಿ ಹೊಲಿಯುವ ಹೆಣ್ಣುಮಗಳು ಇದಕ್ಕೆ ಹಣ ಹಾಕಬೇಕೇ ಎಂಬುದನ್ನು ವಿವರವಾಗಿ ನೋಡಬೇಕಾಗಿದೆ.

ಈ ಪದ್ಧತಿ ಬೇರೂರಿದ್ದು ಅಮೆರಿಕ, ಯುರೋಪುಗಳ ಹವ್ಯಾಸಿ ಹೊಲಿಗೆಗಾರರಲ್ಲಿ. ಅಲ್ಲಿ ಪ್ಯಾಟರ್ನ್ ಕೊಂಡು ಹೊಲಿಯುವುದು ಹಳೆಯ ರೂಢಿ. ಮ್ಯಾಸಚೂಸೆಟ್ಸಿನ ದರ್ಜಿ ಎಬನೇಜರ್ ಬಟರಿಕ್ 1863ರಲ್ಲಿ ಬೇರೆ ಬೇರೆ ಅಳತೆಗಳ ಕಾಗದದ ಪ್ಯಾಟರ್ನ್‌ಗಳನ್ನು ಮಾರತೊಡಗಿದ. ಇಂದು ಅದೇ ವ್ಯಾಪಾರ ಪಿಡಿಎಫ್ ರೂಪಕ್ಕೆ ಬಂದಿದೆ. ಕಡತವನ್ನು ಮನೆಯ ಪ್ರಿಂಟರಿನಲ್ಲಿ ತೆಗೆದರೆ ಎ4 ಹಾಳೆಗಳ ಕಂತೆ ಕೈಗೆ ಬರುತ್ತದೆ. ಒಂದು ಎ0 ಹಾಳೆಯಷ್ಟು ಜಾಗಕ್ಕೆ ಎ4 ಹಾಳೆ 16 ಬೇಕು. ಅಂಚಿನ ಖಾಲಿ ಜಾಗ ಲೆಕ್ಕಕ್ಕೆ ಹಿಡಿದರೆ ಇನ್ನೂ ಹೆಚ್ಚು. ಅವನ್ನೆಲ್ಲ ಕತ್ತರಿಸಿ, ಟೇಪು ಅಂಟಿಸಿ, ಗೆರೆಗೆ ಗೆರೆ ಕೂಡಿಸುವಷ್ಟರಲ್ಲಿ ಹೊಲಿಯುವ ಹುಮ್ಮಸ್ಸೇ ಇಳಿದುಹೋಗುತ್ತದೆ. ಪ್ರೊಜೆಕ್ಟರ್ ಈ ತಾಪತ್ರಯಕ್ಕೆ ಹುಟ್ಟಿದ ಪರಿಹಾರ. ತಾಪತ್ರಯವೇ ಇಲ್ಲದ ಮನೆಯಲ್ಲಿ ಅದರ ಕೆಲಸವೂ ಅಷ್ಟಕ್ಕಷ್ಟೆ.

ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲಿನ ಮನೆಗಳಲ್ಲಿ ಕುಬಸದ ಕಟಿಂಗ್ ಕಡತದಿಂದ ಶುರುವಾಗುವುದಿಲ್ಲ. ಟೇಪಿನಿಂದ ಶುರುವಾಗುತ್ತದೆ, ಇಲ್ಲವೇ ಅಳತೆ ಕುಬಸದಿಂದ. ಮೈಗೆ ಸರಿಯಾಗಿ ಕೂತ ಒಂದು ಹಳೆಯ ಕುಬಸವನ್ನು ಹೊಸ ಬಟ್ಟೆಯ ಜೊತೆ ಗಂಟು ಕಟ್ಟಿ ಕೊಡುವುದು ಎಲ್ಲರ ವಾಡಿಕೆ. ಹೊಲಿಯುವವರು ಅದನ್ನು ಮಡಚಿ ಹಾಸಿ ಉದ್ದ, ಎದೆ, ಭುಜ, ಕಂಕುಳ ಸುತ್ತು, ತೋಳು, ಕೊರಳಿನ ಆಳ ತೆಗೆದುಕೊಳ್ಳುತ್ತಾರೆ. ಕೈ ಪಳಗಿದವರು ಬಟ್ಟೆಯ ಮೇಲೆ ನೇರವಾಗಿ ಗೆರೆ ಎಳೆಯುತ್ತಾರೆ. ಹೊಸಬರು ಹಳೆಯ ಪತ್ರಿಕೆಯ ಹಾಳೆಯಲ್ಲಿ ಮೊದಲು ಕತ್ತರಿಸಿ ನೋಡುತ್ತಾರೆ. ಎದೆ ಅಳತೆವಾರು ಕತ್ತರಿಸಿಟ್ಟ ದಪ್ಪ ಕಾಗದದ ಪ್ಯಾಟರ್ನ್‌ಗಳೂ ಪೇಟೆಯಲ್ಲಿ ಸಿಗುತ್ತವೆ. ಒಬ್ಬರ ಅಳತೆಗೆ ಒಮ್ಮೆ ಕೂಡಿಬಂದ ಕಾಗದ ವರ್ಷಗಟ್ಟಲೆ ಟ್ರಂಕಿನಲ್ಲಿ ಉಳಿಯುತ್ತದೆ. ಮನೆಯ ನಾಲ್ಕು ಹೆಂಗಸರ ನಾಲ್ಕು ಕಾಗದವಿದ್ದರೆ ಮನೆಯ ಹೊಲಿಗೆ ಬಹುಮಟ್ಟಿಗೆ ಸಾಗುತ್ತದೆ.

ಹಳೆಯ ಕಾಲದ ಕಟ್ಟು ಕುಬಸಕ್ಕಂತೂ ಇಷ್ಟೂ ಬೇಡ. ಮುಂದೆ ಗಂಟು ಹಾಕಿಕೊಳ್ಳುವ ಆ ಕುಬಸದ ತುಂಡುಗಳು ಹೆಚ್ಚಾಗಿ ಚೌಕ, ತ್ರಿಕೋನ, ಪಟ್ಟಿ. ಗೇಣು, ಬೆರಳು ಲೆಕ್ಕದಲ್ಲಿ ಅಳೆದು ಕತ್ತರಿಸಿದರೂ ಬಟ್ಟೆ ವ್ಯರ್ಥವಾಗದ ಜಾಣ ಕಟಿಂಗ್ ಅದು. ಬಾಗು ಗೆರೆಗಳ ಕಷ್ಟ ಬಂದದ್ದು ಜಂಪರಿನ ಜೊತೆಗೆ, ಆಮೇಲೆ ಕಟೋರಿ, ಪ್ರಿನ್ಸೆಸ್ ಕಟ್‌ಗಳ ಜೊತೆಗೆ.

ಆದರೂ ಈ ಭಾಗದಲ್ಲಿ ಪ್ರೊಜೆಕ್ಟರ್ ನಿಜಕ್ಕೂ ಕೆಲಸಕ್ಕೆ ಬರಬಹುದಾದ ಒಂದು ಬಟ್ಟೆ ಇದೆ. ಅದು ಗುಳೇದಗುಡ್ಡದ ಖಣ. ಇಳಕಲ್ ಸೀರೆಗೆ ಜೊತೆಯಾಗಿ ಬೆಳೆದ, ಅದರಂತೆಯೇ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಬಟ್ಟೆ ಬನಶಂಕರಿ ದೇವಿಗೆ ಏರಿಸುವ ಉಡಿಯಲ್ಲೂ ಇರಲೇಬೇಕು. ಇದರ ಚಿತ್ತಾರ ಅಚ್ಚು ಹಾಕಿದ್ದಲ್ಲ, ಕಸೂತಿಯೂ ಅಲ್ಲ. ಹೆಚ್ಚುವರಿ ಹಾಸಿನ ಎಳೆಗಳಿಂದ ಮಗ್ಗದಲ್ಲೇ ಎದ್ದು ಬರುವಂಥದ್ದು. ಎರಡೂ ಬದಿಗೆ ಅಂಚು ಇರುತ್ತದೆ. ತೇರಿನಂಥ ಚಿತ್ತಾರಕ್ಕೆ ತಲೆ ಯಾವುದು, ಬುಡ ಯಾವುದು ಎಂಬ ದಿಕ್ಕೂ ಉಂಟು. ಹೊಲಿಯುವವರ ಮುಂದೆ ಹೀಗೆ ಒಂದೇ ಸಲ ಹಲವು ಹೊಣೆ ಬಂದು ನಿಲ್ಲುತ್ತವೆ: ಅಂಚು ತೋಳಿನ ತುದಿಗೆ ಬರಬೇಕು, ಎಡ ಬಲದ ಮುಂಭಾಗಗಳಲ್ಲಿ ಚಿತ್ತಾರ ಒಂದೇ ಎತ್ತರದಲ್ಲಿ ಕೂಡಬೇಕು, ಬೆನ್ನಿನ ನಡುವೆ ಸಾಲು ನೆಟ್ಟಗೆ ಇಳಿಯಬೇಕು. ಬಟ್ಟೆಯಾದರೋ ಒಂದು ಕುಬಸಕ್ಕೆ ಆಗುವಷ್ಟೇ.

ಬಟ್ಟೆಯನ್ನು ಎರಡು ಪದರಾಗಿ ಮಡಚಿ, ಮೇಲೆ ಪತ್ರಿಕೆಯ ಹಾಳೆ ಇಟ್ಟು ಕತ್ತರಿಸುವ ರೂಢಿಯಲ್ಲಿ ಕಾಗದದ ಕೆಳಗೆ ಚಿತ್ತಾರ ಮುಚ್ಚಿಹೋಗುತ್ತದೆ. ಕೆಳಗಿನ ಪದರಿನಲ್ಲಿ ಏನು ಬಂತು ಎಂಬುದು ಕತ್ತರಿಸಿದ ಮೇಲೆಯೇ ಗೊತ್ತಾಗುವುದು. ಬೆಳಕಿನ ಪ್ಯಾಟರ್ನ್ ಏನನ್ನೂ ಮುಚ್ಚುವುದಿಲ್ಲ. ಬಟ್ಟೆಯನ್ನು ಒಂದೇ ಪದರಾಗಿ ಹಾಸಿ, ಗೆರೆಯ ಕೆಳಗೆ ಅತ್ತಿತ್ತ ಸರಿಸಿ, ತೇರು ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಿನಿಂದಲೇ ನಿರ್ಧರಿಸಬಹುದು. ಬಲಭಾಗ ಕತ್ತರಿಸಿದ ಮೇಲೆ ಚಿತ್ರವನ್ನು ಕನ್ನಡಿಯಂತೆ ತಿರುವಿ ಎಡಭಾಗವನ್ನು ಕತ್ತರಿಸಬಹುದು. ಇದು ಪ್ರೊಜೆಕ್ಟರಿನ ಅತಿ ದೊಡ್ಡ ಗುಣ. ಕಾಗದ ಅಂಟಿಸುವ ಕೆಲಸ ತಪ್ಪುವುದು ಇದರ ಮುಂದೆ ಸಣ್ಣ ಲಾಭ. ಆದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ಯಾಟರ್ನ್ ಬರೆದು ಕತ್ತರಿಸಿಟ್ಟುಕೊಂಡರೂ ಚಿತ್ತಾರ ಹೀಗೆಯೇ ಕಾಣುತ್ತದೆ, ಹೀಗೆಯೇ ಮಗುಚಿ ಇಡಲೂ ಬರುತ್ತದೆ. ಅದರ ಖರ್ಚು ಕೆಲವೇ ರೂಪಾಯಿ. ಯಂತ್ರ ಮಾರುವವರು ಈ ಮಾತು ಎತ್ತುವುದಿಲ್ಲ.

ಖಣಕ್ಕೆ ಪ್ರೊಜೆಕ್ಟರ್ ಹೊಂದುವುದಕ್ಕೆ ಇನ್ನೊಂದು ಅಡ್ಡಿ ಖಣದ ಬಣ್ಣವೇ. ಕೆಂಪು, ಕಡುನೀಲಿ, ಕಡುಹಸಿರು, ನೇರಳೆಯ ಮೇಲೆ ಬಿಳಿ ಹಳದಿ ಎಳೆಗಳ ದಟ್ಟ ನೇಯ್ಗೆ, ಜೊತೆಗೆ ರೇಷ್ಮೆಯ ಹೊಳಪು. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಗೆರೆಯ ಮಾಮೂಲಿ ಕಡತವನ್ನು ಇಂಥ ಬಟ್ಟೆಗೆ ಹಾಯಿಸಿದರೆ ಗೆರೆ ಮಾಯವಾಗುತ್ತದೆ. ಬಣ್ಣವನ್ನು ತಲೆಕೆಳಗು ಮಾಡಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೆರೆ ಬರುವಂತೆ ಮಾಡಿಕೊಂಡರೆ ಕಾಣುತ್ತದೆ, ಅದೂ ಕೋಣೆ ಕತ್ತಲಾಗಿದ್ದರೆ. ತೊಡಕು ಇರುವುದು ಇಲ್ಲೇ. ಈ ಕಡೆಯ ಮನೆಗಳಲ್ಲಿ ಹೊಲಿಗೆ ಯಂತ್ರ ಇರುವುದು ಪಡಸಾಲೆಯಲ್ಲಿ, ಬಾಗಿಲ ಬಳಿ, ಹಗಲ ಬೆಳಕು ಬೀಳುವ ಕಡೆ. ಹೊಲಿಯುವ ಹೊತ್ತು ಮನೆಗೆಲಸ ಮುಗಿದ ಮಧ್ಯಾಹ್ನ. ಪ್ರೊಜೆಕ್ಟರಿಗೆ ಬೇಕಾದದ್ದು ಕಿಟಕಿ ಬಾಗಿಲು ಮುಚ್ಚಿದ ಒಳಕೋಣೆ, ಇಲ್ಲವೇ ರಾತ್ರಿ. ಬಾದಾಮಿಯ ಬೇಸಿಗೆಯಲ್ಲಿ ಬಾಗಿಲು ಮುಚ್ಚಿ, ಬಟ್ಟೆ ಹಾರದಂತೆ ಫ್ಯಾನನ್ನೂ ನಿಲ್ಲಿಸಿ ಕಟಿಂಗ್ ಮಾಡುವುದು ಯಾರಿಗೂ ಹಿತವಲ್ಲ. ಕರೆಂಟು ಹೋದರೆ ಟೇಪು, ಸೀಮೆಸುಣ್ಣದ ಕೆಲಸ ನಿಲ್ಲುವುದಿಲ್ಲ. ಬೆಳಕಿನ ಪ್ಯಾಟರ್ನ್ ಅರ್ಧ ಕತ್ತರಿಸಿದ ಬಟ್ಟೆಯನ್ನು ಬಿಟ್ಟು ಆರಿಹೋಗುತ್ತದೆ.

ಜಾಗದ ಲೆಕ್ಕ ಬೇರೆ ಇದೆ. ಪ್ರತಿ ಪ್ರೊಜೆಕ್ಟರಿಗೂ ಥ್ರೋ ಅನುಪಾತ ಎಂಬುದೊಂದಿರುತ್ತದೆ: ಬಟ್ಟೆಯಿಂದ ಅದು ಎಷ್ಟು ದೂರದಲ್ಲಿದ್ದರೆ ಚಿತ್ರ ಎಷ್ಟು ಅಗಲ ಎಂಬ ಲೆಕ್ಕ. ಅನುಪಾತ 1.2 ಇದ್ದರೆ 120 ಸೆಂಟಿಮೀಟರ್ ಅಗಲದ ಚಿತ್ರಕ್ಕೆ 144 ಸೆಂಟಿಮೀಟರ್ ದೂರ ಬೇಕು. ಮೇಜಿನ ಮೇಲೆ ಕತ್ತರಿಸುವವರಿಗೆ ಇದು ಸರಿಹೋಗುತ್ತದೆ. ನೆಲದ ಮೇಲೆ ಕೂತು ಕತ್ತರಿಸುವವರ ಮನೆಯಲ್ಲಿ ನೆಲದಿಂದ 144 ಸೆಂಟಿಮೀಟರ್ ಎತ್ತರಕ್ಕೆ ತೂಗುವ ಯಂತ್ರ ಓಡಾಡುವವರ ತಲೆಗೆ ಬಡಿಯುತ್ತದೆ. ಅದನ್ನು ಮಾಳಿಗೆಯ ತೊಲೆಗೆ, ಸುಮಾರು 270 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿದರೆ ಚಿತ್ರ 225 ಸೆಂಟಿಮೀಟರ್ ಅಗಲಕ್ಕೆ ಹಿಗ್ಗಿ ಗೆರೆ ದಪ್ಪವಾಗುತ್ತದೆ. ಮಾಳಿಗೆಯ ಮಣ್ಣು ಲೆನ್ಸಿನ ಮೇಲೆ ಉದುರುವುದು ಬೇರೆ. ಬಗ್ಗಿ ಕತ್ತರಿಸುವಾಗ ತಲೆಯ ನೆರಳು ಗೆರೆಯ ಮೇಲೆಯೇ ಬೀಳುತ್ತದೆ. ಸ್ವಲ್ಪ ಪಕ್ಕಕ್ಕೆ ಕೂರುವ ಅಭ್ಯಾಸದಿಂದ ಇದನ್ನು ನಿಭಾಯಿಸಬಹುದು.

ಗೆರೆಯ ನವುರು ಪ್ರೊಜೆಕ್ಟರಿನ ನೇಟಿವ್ ರೆಸಲ್ಯೂಶನ್ನಿನ ಮೇಲೆ ನಿಂತಿದೆ. 120 ಸೆಂಟಿಮೀಟರ್ ಅಗಲದ ಚಿತ್ರದಲ್ಲಿ 1080ಪಿ ಯಂತ್ರದ ಒಂದು ಚುಕ್ಕೆ ಸುಮಾರು 0.6 ಮಿಲಿಮೀಟರ್, 720ಪಿ ಯಂತ್ರದ್ದು 0.9, ತೀರಾ ಅಗ್ಗದ 480ಪಿ ಯಂತ್ರದ್ದು 1.4. ಡಬ್ಬಿಯ ಮೇಲೆ ‘4ಕೆ ಸಪೋರ್ಟ್’ ಎಂದು ಬರೆದಿದ್ದರೆ ಅಂಥ ವಿಡಿಯೋವನ್ನು ಅದು ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ. ಹೊರಗೆ ಬೀಳುವ ಚಿತ್ರ 480ಪಿ ಆಗಿರಬಹುದು. ಕುಬಸದ ತುಂಡುಗಳು ಚಿಕ್ಕವು. 80 ಸೆಂಟಿಮೀಟರ್ ಅಗಲದ ಚಿತ್ರದಲ್ಲಿ ಅವು ಆರಾಮವಾಗಿ ಕೂರುತ್ತವೆ, 720ಪಿ ಕೂಡ ಸಾಲುತ್ತದೆ. ವಿಚಿತ್ರವೆಂದರೆ ಪ್ರೊಜೆಕ್ಟರಿಗೆ ಸುಲಭವಾಗಿ ಒಗ್ಗುವ ಈ ಉಡುಪೇ ಕಾಗದಕ್ಕೂ ಅತಿ ಸುಲಭ: ಎರಡು ಪತ್ರಿಕೆಯ ಹಾಳೆಯಲ್ಲಿ ಮುಗಿಯುವಂಥದ್ದು. ಕಾಗದ ನಿಜವಾಗಿ ಕಾಡುವುದು ಅನಾರ್ಕಲಿ, ಗೌನು, ಕೋಟಿನಂಥ ದೊಡ್ಡ ತುಂಡುಗಳಲ್ಲಿ, ಮತ್ತು ತಿಂಗಳಿಗೊಂದು ಹೊಸ ವಿನ್ಯಾಸ ಹೊಲಿಯುವವರಿಗೆ. ಅಟ್ಲಾಂಟಾದಲ್ಲೋ ಮೆಲ್ಬರ್ನಿನಲ್ಲೋ ಮಕ್ಕಳ ಫ್ರಾಕಿನಿಂದ ಚಳಿಗಾಲದ ಕೋಟಿನವರೆಗೆ ಕಡತ ಕೊಂಡು ಹೊಲಿಯುವ ಕನ್ನಡದ ಮನೆಗೆ ಇದೇ ಯಂತ್ರ ಸಾರ್ಥಕವಾಗಬಹುದು.

ಚುಕ್ಕೆಯ ದಪ್ಪಕ್ಕಿಂತ ಹೆಚ್ಚು ನಷ್ಟ ಮಾಡುವುದು ಅಳತೆಯ ತಪ್ಪು. ಚಿತ್ರ ಶೇಕಡಾ 1ರಷ್ಟು ಕುಗ್ಗಿದರೆ 36 ಇಂಚಿನ ಎದೆಯಲ್ಲಿ 9 ಮಿಲಿಮೀಟರ್ ಕಡಿಮೆಯಾಗುತ್ತದೆ; ಮೈಗಂಟಿ ಕೂರಬೇಕಾದ ಕುಬಸದಲ್ಲಿ ಹುಕ್ಕು ಬಿಗಿಯಲು ಅಷ್ಟು ಸಾಕು. ಯಂತ್ರವನ್ನು 150 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿ, ಬರಿ ನೆಲದ ಮೇಲೆ ಅಳತೆ ಹೊಂದಿಸಿದ ನಂತರ ಒಂದು ಸೆಂಟಿಮೀಟರ್ ದಪ್ಪದ ಕೌದಿ ಹಾಸಿ ಅದರ ಮೇಲೆ ಬಟ್ಟೆ ಹರಡಿದರೆ, ಅಷ್ಟಕ್ಕೇ ಎದೆಯ ಅಳತೆಯಲ್ಲಿ ಕಾಲು ಇಂಚು ಹೋಗುತ್ತದೆ. ಯಂತ್ರ ಓರೆಯಾಗಿ ತೂಗಿದರೆ ಚೌಕ ಚೌಕವಾಗಿ ಉಳಿಯುವುದಿಲ್ಲ. ಇದನ್ನು ತಿದ್ದಲು ಪ್ಯಾಟರ್ನ್ ಪ್ರೊಜೆಕ್ಟರ್ ಎಂಬ ಉಚಿತ ತಂತ್ರಾಂಶವಿದೆ. ತೆರೆಯ ಮೇಲಿನ ನಾಲ್ಕು ಮೂಲೆಗಳನ್ನು ನೆಲದ ಮೇಲೆ ಅಳೆದು ಗುರುತಿಸಿದ ನಾಲ್ಕು ಮೂಲೆಗೆ ಎಳೆದು ಕೂಡಿಸಿದರೆ ಅಳತೆ ಹೊಂದುತ್ತದೆ, ಬಣ್ಣ ತಿರುಗಿಸುವ ಸೌಲಭ್ಯವೂ ಅದರಲ್ಲೇ ಇದೆ. ಹೊಂದಿಸಿದ ಯಂತ್ರವನ್ನು ಆಮೇಲೆ ಕದಲಿಸಬಾರದು. ಕ್ರಿಕೆಟ್ ಹಂಗಾಮಿನಲ್ಲಿ ಅದನ್ನು ಮನೆಮಂದಿಯಿಂದ ಕಾಪಾಡಿಕೊಳ್ಳುವುದು ಹೊಲಿಯುವವರ ಪಾಲಿನ ಪ್ರತ್ಯೇಕ ಸಾಹಸ.

ಕಡತ ಮೈಯನ್ನು ಬಲ್ಲದ್ದಲ್ಲ. ಒಂದು ಭುಜ ಇಳಿದಿದ್ದರೆ, ಬೆನ್ನು ಬಾಗಿದ್ದರೆ, ಬಾಣಂತನದ ನಂತರ ಅಳತೆ ಬದಲಾಗಿದ್ದರೆ ಪ್ಯಾಟರ್ನನ್ನು ಹೊಲಿಯುವವರೇ ತಿದ್ದಬೇಕು. ಕಾಗದದ ಮೇಲೆ ಪೆನ್ಸಿಲಿನಿಂದ ತಿದ್ದುವಷ್ಟು ಸಲೀಸಾಗಿ ಪಿಡಿಎಫ್ ತಿದ್ದಲು ಬರುವುದಿಲ್ಲ. ಕೊಂಡ ಕಡತಗಳು ಹೊಲಿಗೆಗೆಂದು ಬಿಡುವ ಜಾಗ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಸೆಂಟಿಮೀಟರ್. ಇಲ್ಲಿನವರು ಕುಬಸದ ಪಕ್ಕದಲ್ಲಿ ಒಂದಿಂಚಿಗೂ ಮಿಕ್ಕಿ ಬಟ್ಟೆ ಒಳಗೆ ಬಿಡುತ್ತಾರೆ, ಮುಂದೆ ಬಿಚ್ಚಿ ಸಡಿಲಿಸಲು. ಬೆಳಕಿನ ಗೆರೆಯ ಮೇಲೆಯೇ ಕತ್ತರಿಸಿದರೆ ಆ ಉಳಿತಾಯ ಹೋಯಿತು.

ಕುಬಸ ಬಿಟ್ಟು ಬೇರೆ ಕೆಲಸಗಳನ್ನು ನೋಡಿದರೆ, ಕೌದಿಗೆ ಪ್ಯಾಟರ್ನಿನ ಹಂಗೇ ಇಲ್ಲ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಕಸೂತಿಗೂ ಪ್ರೊಜೆಕ್ಟರ್ ಬೇಡ; ಬಟ್ಟೆಯ ಎಳೆ ಎಣಿಸಿ ಹಾಕುವ ಅದಕ್ಕೆ ಗೆರೆ ಎಳೆಯುವ ಪದ್ಧತಿಯೇ ಇಲ್ಲ. ಮದುವೆ ಕುಬಸಗಳ ಆರಿ ಕೆಲಸದ ಮಾತು ಬೇರೆ. ಈಗ ಬಟರ್ ಪೇಪರಿನಲ್ಲಿ ವಿನ್ಯಾಸ ಬರೆದು, ಸೂಜಿಯಿಂದ ತೂತು ಮಾಡಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ತಿಕ್ಕಿ ಬಟ್ಟೆಗೆ ಇಳಿಸುತ್ತಾರೆ. ಪ್ರೊಜೆಕ್ಟರಿದ್ದರೆ ಅದೇ ವಿನ್ಯಾಸವನ್ನು ಬೇಕಾದ ಗಾತ್ರಕ್ಕೆ ಹಿಗ್ಗಿಸಿ, ಕುಗ್ಗಿಸಿ, ತಿರುವಿ, ನೇರವಾಗಿ ಬಟ್ಟೆಯ ಮೇಲೆ ಗುರುತು ಹಾಕಬಹುದು. ಗಿರಾಕಿಯ ಎದುರೇ ಬೆನ್ನಿನ ಮೇಲೆ ನವಿಲು ಎಷ್ಟು ದೊಡ್ಡದಿರಬೇಕು ಎಂದು ತೋರಿಸಲೂ ಬರುತ್ತದೆ. ಮನೆಯಲ್ಲೇ ಕೂತು ಇಂಥ ಕೆಲಸ ಒಪ್ಪಿಕೊಳ್ಳುವವರು ಕೊಂಡರೆ ದುಡ್ಡು ಹುಟ್ಟೀತು.

ಉಳಿದವರು ಲೆಕ್ಕ ಹಾಕಿ ನೋಡಬೇಕು. ಯಂತ್ರಕ್ಕೆ 12,000 ರೂಪಾಯಿ, ದೊಡ್ಡ ಹಾಳೆಯಲ್ಲಿ ಒಂದು ಪ್ಯಾಟರ್ನ್ ಮುದ್ರಿಸಲು 100 ರೂಪಾಯಿ ಎಂದು ಹಿಡಿದರೆ 120 ಹೊಸ ಪ್ಯಾಟರ್ನ್ ಹೊಲಿದ ಮೇಲಷ್ಟೇ ಅಸಲು ಬಂದಂತೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಅದರಲ್ಲಿ ಉಪಕರಣಗಳಿಗೆಂದು ಸಿಗುವ ನೆರವು 15,000 ರೂಪಾಯಿವರೆಗೆ. ಸಲಕರಣೆಗೆ ಸರ್ಕಾರ ಕೊಡುವ ನೆರವೇ ಇಷ್ಟಿರುವಾಗ ಅದರ ಬಹುಪಾಲನ್ನು ಬೆಳಕಿನ ಗೆರೆಗೆ ಸುರಿಯುವುದು ಜಾಣತನವಲ್ಲ. ಕಾಲಿನಿಂದ ತುಳಿಯುವ ಯಂತ್ರಕ್ಕೆ ಮೋಟಾರು, ಓವರ್‌ಲಾಕ್, ಒಳ್ಳೆಯ ಕತ್ತರಿ, ಹಬೆಯ ಇಸ್ತ್ರಿ, ನಿಂತು ಕತ್ತರಿಸುವ ಎತ್ತರದ ಮೇಜು ಇವು ಮೊದಲು ಬರಬೇಕು. ಮಹಿಳಾ ಸ್ವಸಹಾಯ ಸಂಘವೊಂದರ ಎಂಟು ಹತ್ತು ಮಂದಿ ಕೂಡಿ, ಒಂದು ಕತ್ತಲ ಕೋಣೆ ಹಾಗೂ ಗಟ್ಟಿ ಮೇಜಿನ ಸಮೇತ ಕೊಂಡರೆ ಲೆಕ್ಕ ಬೇರೆಯಾಗುತ್ತದೆ. ಕದಲಿಸಬಾರದ ಯಂತ್ರ ಒಂದೇ ಕಡೆ ಇರುತ್ತದೆ, ಖಣ ಹಿಡಿದವರು ಅಲ್ಲಿಗೆ ಬರುತ್ತಾರೆ.

ಕೊಳ್ಳಲೇಬೇಕೆಂದು ನಿರ್ಧರಿಸಿದವರು ಮಳಿಗೆಯಲ್ಲಿ ಸಿನಿಮಾ ನೋಡಿ ಮರುಳಾಗಬಾರದು. ಬನಶಂಕರಿ ಜಾತ್ರೆಯಲ್ಲಿ ಬಾಗಿಲು ಚೌಕಟ್ಟು ಮಾರುವ ಸಾಲಿನಲ್ಲಿ ಗಿರಾಕಿಗಳು ಅಳತೆಪಟ್ಟಿ ಬಿಚ್ಚದೆ ದರ ಮಾತಾಡುವುದಿಲ್ಲ. ಪ್ರೊಜೆಕ್ಟರಿನ ಮುಂದೆಯೂ ಟೇಪು ಹೊರಬರಬೇಕು. 10 ಸೆಂಟಿಮೀಟರ್ ಚೌಕಗಳ ಒಂದು ಜಾಲವನ್ನು ಪ್ರೊಜೆಕ್ಟರಿನಿಂದ ಬೀಳಿಸಿ ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಮ್ಮೊಮ್ಮೆ ಅಳೆಯಬೇಕು. ಮೂಲೆಯಲ್ಲಿ ಗೆರೆ ಮಬ್ಬಾಗಿದ್ದರೆ ಲೆನ್ಸು ಕಳಪೆ. ಕೆಳಮುಖವಾಗಿ ತೂಗುಹಾಕಲು ತಿರುಪು ಕೂರುವ ತೂತು ಇದೆಯೇ, ಆ ಭಂಗಿಯಲ್ಲಿ ಗಾಳಿಯ ದ್ವಾರ ಮುಚ್ಚುತ್ತದೆಯೇ, ನೇಟಿವ್ ರೆಸಲ್ಯೂಶನ್ ಎಷ್ಟೆಂದು ಬಿಲ್ಲಿನಲ್ಲಿ ಬರೆದುಕೊಡುತ್ತಾರೆಯೇ ಎಂದು ಕೇಳಬೇಕು. ಕೊನೆಗೆ ಕೈಚೀಲದಲ್ಲಿರುವ ಕಡುಬಣ್ಣದ ಖಣವೊಂದನ್ನು ಆ ಬೆಳಕಿನ ಕೆಳಗೆ ಹಾಸಿ, ಗೆರೆ ಕಾಣುತ್ತದೆಯೇ ನೋಡಬೇಕು. ಮಳಿಗೆಯ ನೆರಳಿನಲ್ಲೇ ಕಾಣದ ಗೆರೆ ಪಡಸಾಲೆಯಲ್ಲಿ ಕಾಣುವುದಿಲ್ಲ.