ಡಬ್ಬಿಯ ಮೇಲಿನ ಚೀಟಿ



ನಮ್ಮ ಅಡುಗೆಮನೆಗಳಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ಮೆಂತ್ಯ ಇರುವುದು ಹೊಸದೇನಲ್ಲ. ಅಮ್ಮ ಡಬ್ಬಿಯ ಮೇಲಿನ ಹೆಸರನ್ನು ನಂಬುವುದಿಲ್ಲ. ಮುಚ್ಚಳ ತೆಗೆದು ಮೂಸಿ ನೋಡುತ್ತಾರೆ. ಅಂತರ್ಜಾಲದ ಬ್ರೌಸರ್ ಸಹ ಇದನ್ನೇ ಮಾಡುತ್ತದೆ ಎಂದರೆ ನಿಮಗೆ ಆಶ್ಚರ್ಯವಾದೀತು.

ನೀವು ಒಂದು ಪುಟವನ್ನೋ ಚಿತ್ರವನ್ನೋ ಕೇಳಿದಾಗ, ದೂರದ ಸರ್ವರ್ ಗಣಕವು ಕಡತದ ಜೊತೆಗೆ ಒಂದು ಚೀಟಿಯನ್ನೂ ಕಳುಹಿಸುತ್ತದೆ. ಅದರ ಹೆಸರು ಕಂಟೆಂಟ್-ಟೈಪ್. 'ಇಮೇಜ್/ಪಿಎನ್‌ಜಿ' ಎಂದಿದ್ದರೆ ಚಿತ್ರ, 'ಟೆಕ್ಸ್ಟ್/ಎಚ್‌ಟಿಎಂಎಲ್' ಎಂದಿದ್ದರೆ ಪುಟ, 'ಟೆಕ್ಸ್ಟ್/ಪ್ಲೇನ್' ಎಂದಿದ್ದರೆ ಬರಿಯ ಅಕ್ಷರಗಳು. 1992ರಲ್ಲಿ ಇ-ಮೇಲ್‌ಗಾಗಿ ರೂಪಿಸಿದ 'ಮೈಮ್' ನಿಯಮಗಳಿಂದ ಬಂದ ಪದ್ಧತಿಯಿದು. ಸರ್ವರ್ ಸಾಮಾನ್ಯವಾಗಿ ಕಡತದ ಒಳಗೆ ಇಣುಕುವುದಿಲ್ಲ. ಹೆಸರಿನ ಬಾಲವನ್ನಷ್ಟೇ ನೋಡಿ ಚೀಟಿ ಅಂಟಿಸುತ್ತದೆ. ಬಾಲ ಗುರುತು ಸಿಗದಿದ್ದರೆ ಹಿಂದಿನ ಅಪಾಚೆ ಸರ್ವರ್‌ಗಳು 'ಟೆಕ್ಸ್ಟ್/ಪ್ಲೇನ್' ಎಂದೇ ಬರೆದುಬಿಡುತ್ತಿದ್ದವು. ಚೀಟಿಯನ್ನು ನಂಬಿದ ಬ್ರೌಸರಿನಲ್ಲಿ ಚಿತ್ರದ ಬದಲು ಅರ್ಥವಿಲ್ಲದ ಅಕ್ಷರಗಳ ರಾಶಿ!

ಆದ್ದರಿಂದಲೇ ಬ್ರೌಸರುಗಳು ಮೂಸಲು ಕಲಿತವು. ಜಿಐಎಫ್ ಚಿತ್ರದ ಮೊದಲ ಮೂರು ಅಕ್ಷರಗಳು ಜಿ, ಐ, ಎಫ್ ಎಂದೇ ಇರುತ್ತವೆ. ಪಿಎನ್‌ಜಿ ಚಿತ್ರದ ಮೊದಲ ಬೈಟ್ 137. ನೀವೇ ಪರೀಕ್ಷಿಸಬಹುದು: ಒಂದು ಪಿಎನ್‌ಜಿ ಚಿತ್ರದ ಬಾಲವನ್ನು ಜೆಪಿಜಿ ಎಂದು ಬದಲಿಸಿ ಬ್ರೌಸರಿನಲ್ಲಿ ತೆರೆಯಿರಿ. ಚಿತ್ರ ಎಂದಿನಂತೆ ಮೂಡುತ್ತದೆ.

ಉಪಕಾರವೇ ಸರಿ. ಆದರೆ ಕಳ್ಳನಿಗೂ ಇದು ಉಪಕಾರವಾಯಿತು. 2009ರಲ್ಲಿ ಅಮೆರಿಕದ ಬರ್ಕ್ಲಿಯ ಸಂಶೋಧಕರು ಒಂದು ಸ್ವಾರಸ್ಯಕರ ಅಪಾಯವನ್ನು ತೋರಿಸಿದರು. ಸಮ್ಮೇಳನಕ್ಕೆ ಕಳುಹಿಸಿದ ಪ್ರಬಂಧದ ಕಡತದಲ್ಲಿ ಎಚ್‌ಟಿಎಂಎಲ್ ಸಾಲುಗಳನ್ನೂ ಬಚ್ಚಿಟ್ಟರೆ, ಮೂಸುವ ಬ್ರೌಸರ್ ಅದನ್ನು ಪುಟವೆಂದು ಬಗೆದು ಒಳಗಿನ ಆಜ್ಞೆಗಳನ್ನು ನಡೆಸಿಬಿಡುತ್ತದೆ. ಪರೀಕ್ಷಕರು ಓದಲು ತೆರೆದೊಡನೆ, ಅವರದೇ ಹೆಸರಿನಲ್ಲಿ ಪ್ರಬಂಧವು ತನಗೆ ತಾನೇ ಉತ್ತಮ ಅಂಕ ಕೊಟ್ಟುಕೊಳ್ಳಬಲ್ಲದು! ನಗು ಬರಬಹುದು, ಅದೇ ಉಪಾಯದಿಂದ ನಿಮ್ಮ ಹೆಸರಿನಲ್ಲಿ ಇ-ಮೇಲನ್ನೂ ಕಳುಹಿಸಬಹುದಲ್ಲವೇ?

ಅದೇ ವರ್ಷ ಬಿಡುಗಡೆಯಾದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8 ಒಂದು ಹೊಸ ಸೂಚನೆಯನ್ನು ತಂದಿತು: 'ನೋಸ್ನಿಫ್', ಅಂದರೆ ಮೂಸಬೇಡ. ಮುಂದೆ ಇತರ ಬ್ರೌಸರುಗಳೂ ಇದನ್ನು ಒಪ್ಪಿಕೊಂಡವು. ಎಲ್ಲಿ ಮೂಸಬಹುದು, ಎಲ್ಲಿ ಕೂಡದು ಎಂಬುದಕ್ಕೆ ಈಗ ಲಿಖಿತ ನಿಯಮವಿದೆ. ಚಿತ್ರವೆಂದು ಚೀಟಿ ಹೊತ್ತು ಬಂದದ್ದನ್ನು ಪುಟವೆಂದು ತೆರೆಯುವಂತಿಲ್ಲ.

ಈ ಬಿಗಿಯ ಬಿಸಿ ಹೊಸಬರಿಗೂ ತಟ್ಟುತ್ತದೆ. ನೀವು ಕಟ್ಟಿದ ತಾಣದ ಸರ್ವರ್ 'ನೋಸ್ನಿಫ್' ಎನ್ನುತ್ತಾ, ಸಿಎಸ್‌ಎಸ್ ಕಡತಕ್ಕೆ 'ಟೆಕ್ಸ್ಟ್/ಪ್ಲೇನ್' ಚೀಟಿ ಅಂಟಿಸಿದರೆ, ಬ್ರೌಸರ್ ಅದನ್ನು ಮುಟ್ಟುವುದಿಲ್ಲ. ಪುಟವು ಬಣ್ಣ, ಅಲಂಕಾರವಿಲ್ಲದೆ ನಿಲ್ಲುತ್ತದೆ. ಆಗ ಸಿಎಸ್‌ಎಸ್ ಸಾಲುಗಳನ್ನು ತಿದ್ದುತ್ತಾ ಕೂರಬೇಡಿ. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ 'ನೆಟ್‌ವರ್ಕ್' ವಿಭಾಗವನ್ನು ತೆರೆದು, ಮೊದಲು ಚೀಟಿಯನ್ನು ಓದಿ.