ಹಗ್ಗದ ಪಂಪು ಕಲಿಸಿದ್ದು

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋನು. ಬೇರೆಯವರ ತಪ್ಪು ಹುಡುಕೋದೇ ನನ್ನ ಹೊಟ್ಟೆಪಾಡು. ಇವತ್ತು ನನ್ನದೇ ತಪ್ಪಿನ ಕಥೆ ಹೇಳ್ತೀನಿ.

2016ರಲ್ಲಿ ಟೆಕ್ಸಾಸ್‌ನಲ್ಲಿ ಆನ್‌ಸೈಟ್ ಇದ್ದೆ. ಎರಡು ವಾರ ರಜೆ ಹಾಕಿ, ಅಲ್ಲಿನ ಒಂದು ಸ್ವಯಂಸೇವಕರ ಗುಂಪಿನ ಜೊತೆ ಮಧ್ಯ ಅಮೆರಿಕದ ನಿಕರಾಗುವಾಕ್ಕೆ ಹೋದೆ. ಚಿನಾಂಡೇಗಾ ಕಡೆಯ ಒಂದು ಬಡ ಹಳ್ಳಿ. 1998ರ ಅಕ್ಟೋಬರ್‌ನಲ್ಲಿ ಮಿಚ್ ಚಂಡಮಾರುತ ಬಂದಾಗ, ಆ ಭಾಗದ ಕಸೀತಾ ಜ್ವಾಲಾಮುಖಿಯ ಮಗ್ಗುಲು ಮಳೆಗೆ ಕುಸಿದು ಎರಡು ಸಾವಿರಕ್ಕೂ ಹೆಚ್ಚು ಜನ ಕೆಸರಿನಡಿ ಸತ್ತಿದ್ದರು. ನಮ್ಮ ಕೆಲಸ ಎರಡು: ಶಾಲೆಯ ಮೇಲಿನ ತಗಡು ಬದಲಿಸೋದು, ಬಾವಿಗಳ ಪಂಪು ರಿಪೇರಿ ಮಾಡೋದು.

ಆ ಪಂಪಿಗೆ ಅಲ್ಲಿ 'ಬೊಂಬಾ ದೆ ಮೆಕಾತೆ' ಅಂತಾರೆ, ಅಂದ್ರೆ ಹಗ್ಗದ ಪಂಪು. ಬಾವಿಯ ಮೇಲೆ ಹಳೇ ಟಯರಿನಿಂದ ಮಾಡಿದ, ಹಿಡಿಕೆ ಇರೋ ಒಂದು ಚಕ್ರ. ಅದರ ಮೇಲೆ ಸುತ್ತುವ ನೈಲಾನ್ ಹಗ್ಗ. ಹಗ್ಗಕ್ಕೆ ಸುಮಾರು ಮೀಟರಿಗೊಂದರಂತೆ ಪ್ಲಾಸ್ಟಿಕ್ ಬಿಲ್ಲೆ. ಚಕ್ರ ತಿರುಗಿಸಿದರೆ ಬಿಲ್ಲೆಗಳು ಪಿವಿಸಿ ಪೈಪಿನೊಳಗೆ ನೀರನ್ನ ಹೊತ್ತು ಮೇಲೆ ಬರ್ತವೆ. ಅಷ್ಟೇ! 1980ರ ದಶಕದಿಂದ ನಿಕರಾಗುವಾದಲ್ಲಿ ಬೆಳೆದ ಪಂಪು ಇದು. ಸಣ್ಣ ವರ್ಕ್‌ಶಾಪಲ್ಲೇ ತಯಾರಾಗುತ್ತೆ. ಕೆಟ್ಟರೆ, ಹೆಚ್ಚಾಗಿ ಹಗ್ಗ ಸವೆದಿರುತ್ತೆ.

ಒಂದು ಮನೆಯಲ್ಲಿ ನೀರು ಕಮ್ಮಿ ಬರ್ತಿತ್ತು. ನಾನು ಇಂಜಿನಿಯರ್ ಅಲ್ವಾ! ಬಿಲ್ಲೆ ಸವೆದಿದೆ, ಪೈಪಿಗೂ ಅದಕ್ಕೂ ಮಧ್ಯೆ ಸಂದಿ ಜಾಸ್ತಿಯಾಗಿ ನೀರು ಸೋರ್ತಿದೆ ಅಂತ ಲೆಕ್ಕ ಹಾಕಿದೆ. ಲೆಕ್ಕ ಸರಿ ಇತ್ತು. ಆದ್ರೆ ಟಯರ್ ರಬ್ಬರಿನಲ್ಲಿ ಪೈಪಿಗೆ ಬಿಗಿಯಾಗಿ ಕೂರೋ ಹಾಗೆ ಹೊಸ ಬಿಲ್ಲೆ ಕತ್ತರಿಸಿಬಿಟ್ಟೆ. ಒಂದು ಹನಿ ಸೋರಲಿಲ್ಲ, ನಿಜ. ಚಕ್ರವೂ ತಿರುಗಲಿಲ್ಲ. ಜೋರಾಗಿ ಎಳೆದೆ, ಹಗ್ಗ ಕಿತ್ತುಬಂತು. ಕಮ್ಮಿ ಬರ್ತಿದ್ದ ನೀರೂ ನಿಂತಿತು.

ಮನೆಯ ಯಜಮಾನಿಯನ್ನ ಎಲ್ಲರೂ 'ದೋನ್ಯಾ' ಅಂತಿದ್ರು, ನಾವು 'ಅಮ್ಮಾವ್ರೇ' ಅನ್ನೋ ಹಾಗೆ. ಆಕೆ ಬೈಯಲಿಲ್ಲ. ಪೈಪು ಮೇಲೆತ್ತಿಸಿ, ಹೊಸ ಹಗ್ಗ ಪೋಣಿಸಿ, ನನ್ನ ಬಿಲ್ಲೆಗಳನ್ನ ಒಂದೊಂದಾಗಿ ಚಾಕುವಿನಲ್ಲಿ ಸವರಿ ಸಣ್ಣ ಮಾಡಿದರು. ಸಂಜೆಗೆ ನೀರು ಬಂತು. ಆಮೇಲೆ ದುಭಾಷಿ ಮೂಲಕ ಹೇಳಿದರು: "ಸ್ವಲ್ಪ ಸೋರಲಿ ಬಿಡಪ್ಪ. ನನ್ನ ಮಗಳು ತಿರುಗಿಸೋ ಹಾಗಿರಬೇಕು. ನೀನು ನಾಡಿದ್ದು ಹೋಗ್ತೀಯ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾಗಿದ್ದು ಊರಿನ ನಮ್ಮ ಮನೆ ಮುಂದಿನ ಕೈಪಂಪು, ಇಂಡಿಯಾ ಮಾರ್ಕ್ 2. 1970ರ ದಶಕದಲ್ಲಿ, ನಮ್ಮ ಗಡಿ ಪಕ್ಕದ ಸೊಲ್ಲಾಪುರದಲ್ಲಿ ಹುಟ್ಟಿದ ಪಂಪನ್ನೇ ಆಧಾರ ಮಾಡಿಕೊಂಡು, ಯುನಿಸೆಫ್ ನೆರವಿನಿಂದ ರೂಪಿಸಿದ್ದು. ಗಟ್ಟಿ ಪಂಪು, ದೇಶಕ್ಕೆಲ್ಲ ನೀರು ಕೊಟ್ಟಿದೆ. ಆದ್ರೆ ಒಳಗಿನ ವಾಷರ್ ಸವೆದರೆ ಕೊಳವೆಬಾವಿಯಿಂದ ಪೂರ್ತಿ ಪೈಪೇ ಎತ್ತಬೇಕು. ಅದಕ್ಕೆ ವಿಶೇಷ ಸಲಕರಣೆ, ತಂಡ ಬೇಕು. ಈ ತೊಂದರೆ ನೋಡೇ ಮುಂದೆ ಮಾರ್ಕ್ 3 ಮಾಡಿದ್ರು. ಅದರಲ್ಲಿ ಪೈಪು ಎತ್ತದೆ ಪಿಸ್ಟನ್ ಹೊರಗೆ ತೆಗೀಬಹುದು. ನಮ್ಮೂರಿನದು ಕೆಟ್ಟು ಆರು ವರ್ಷ ಆಗಿತ್ತು. ಪ್ರತಿ ದೀಪಾವಳಿಗೆ ಹೋದಾಗ ನಾನು ಅದರ ಹಿಡಿಕೆಗೆ ಬ್ಯಾಗ್ ನೇತುಹಾಕ್ತಿದ್ದೆ. ಅವ್ವ ಓಣಿ ದಾಟಿ ಕೊಡ ಹೊತ್ತು ತರ್ತಿದ್ದಳು. ನಿಕರಾಗುವಾಕ್ಕೆ ಹೋಗಿಬರೋ ನನ್ನ ಟಿಕೆಟ್ ದುಡ್ಡಲ್ಲಿ ಅಲ್ಲಿ ಹಲವು ಹಗ್ಗದ ಪಂಪು ಕೂರಿಸಬಹುದಿತ್ತು. ಇಲ್ಲಿ ನಮ್ಮ ಪಂಪಿಗೆ ಒಂದು ವಾಷರ್ ಹಾಕಿಸೋಕೆ ನನಗೆ ಪುರುಸೊತ್ತಿರಲಿಲ್ಲ.

ಹಾಗಂತ ದೂರ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಹೋಗದಿದ್ರೆ ನನಗೆ ಇದು ತಿಳೀತಾನೇ ಇರಲಿಲ್ಲ. ಹೋದರೆ ಮೊದಲು ಕೇಳಿ: ಇದನ್ನ ಇಷ್ಟು ದಿನ ಯಾರು ರಿಪೇರಿ ಮಾಡ್ತಿದ್ರು? ಅವರ ಪಕ್ಕ ಕೂತು ಸ್ಪ್ಯಾನರ್ ಹಿಡ್ಕೊಳ್ಳಿ. ಹೊರಡುವಾಗ ಬಿಡಿಭಾಗ ಊರಲ್ಲಿ ಉಳೀಲಿ, ಕೈಗುಣವೂ ಉಳೀಲಿ.

ಮುಂದಿನ ದೀಪಾವಳಿಗೆ ಊರಿನ ಇಬ್ಬರು ಹುಡುಗರ ಜೊತೆ ಸೇರಿ, ತಾಲ್ಲೂಕಿನ ಮೆಕ್ಯಾನಿಕ್ಕನ್ನ ಕರೆಸಿ ನಮ್ಮ ಪಂಪು ಬಿಚ್ಚಿಸಿದ್ವಿ. ಅವನು ಬಿಚ್ಚಿದ, ಹುಡುಗರು ಕಲಿತರು, ನಾನು ಪೈಪು ಹಿಡಿದೆ. ಮೊದಲ ಕೊಡ ಅವ್ವನೇ ತುಂಬಿಸಿದಳು. "ಇದಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೇನೋ?" ಅಂದಳು.

ಹೌದವ್ವ, ಹೋಗಬೇಕಾಯ್ತು.